ಮುಂದಿನ ಮಾಡೆಲ್ ಮಹಾಶಯರಿಗೊಂದು ಬಹಿರಂಗ ಪತ್ರ

ಇವರಿಗೆ,
ಶ್ರೀ ಮುಂದಿನ ಮಾಡೆಲ್ ಡೆಸ್ಕ್‌ಟಾಪ್ ಅವರು,
ವಿಳಾಸ: ಇನ್ನೂ ಪ್ರಕಟವಾಗಿಲ್ಲ.

ವಿಷಯ: ತಾವು ದಯಮಾಡಿಸುವವರೆಗೆ ಕೆಲಸ ನಿಲ್ಲಿಸಿಕೊಂಡು ಕೂರಬೇಕೇ ಎಂಬ ಬಗ್ಗೆ.

ಮಾನ್ಯರೇ,

ಉಭಯ ಕುಶಲೋಪರಿ ಸಾಂಪ್ರತ. ತಾವು ಇನ್ನೂ ಹುಟ್ಟಿಯೇ ಇಲ್ಲವಾದ್ದರಿಂದ ತಮ್ಮ ಕುಶಲಕ್ಕೆ ಕೊರತೆಯಾಗುವ ಮಾತೇ ಇಲ್ಲ. ತಾವು ಬಿಸಿಯಾಗುವುದಿಲ್ಲ, ಹ್ಯಾಂಗ್ ಆಗುವುದಿಲ್ಲ, ತಮ್ಮ ವಾರಂಟಿ ಮುಗಿಯುವುದಿಲ್ಲ. ಅಂಗಡಿಯಲ್ಲಿ ಇಟ್ಟಿರುವ ಯಾವ ಕಂಪ್ಯೂಟರಿಗೂ ಇಷ್ಟು ಒಳ್ಳೆಯ ಹೆಸರಿಲ್ಲ. ನಮ್ಮ ಕಡೆಯ ಕುಶಲ ಮಾತ್ರ ಅಷ್ಟಕ್ಕಷ್ಟೆ.

ನಾನು ಹಾಸನದ ಕಡೆ ಮದುವೆ, ನಾಮಕರಣ, ಗೃಹಪ್ರವೇಶಗಳ ವಿಡಿಯೊ ಎಡಿಟ್ ಮಾಡಿ ಹೊಟ್ಟೆ ಹೊರೆಯುವವನು. ಕ್ಯಾಮೆರಾದ ಹುಡುಗರು ಈಗ ಕಾಶಿಯಾತ್ರೆಯ ಛತ್ರಿಯನ್ನೂ 4ಕೆ, 10 ಬಿಟ್‌ನಲ್ಲೇ ತೆಗೆಯುತ್ತಾರೆ. ಅದನ್ನು ನನ್ನ ಮೇಜಿನ ಕೆಳಗಿನ ಹಳೆಯ ಡಬ್ಬಿ ಓಡಿಸುವ ಚೆಂದವೇ ಬೇರೆ. ತಾಳಿ ಹಿಡಿದ ವರನ ಕೈ ವಧುವಿನ ಕೊರಳ ಹತ್ತಿರ ಬಂದು ನಿಂತುಬಿಡುತ್ತದೆ. ಗಟ್ಟಿಮೇಳ ತನ್ನ ಪಾಡಿಗೆ ಮುಂದೆ ಹೋಗುತ್ತದೆ. ಚಿತ್ರ ಮತ್ತೆ ಚಲಿಸುವ ಹೊತ್ತಿಗೆ ಅಕ್ಷತೆ ಬಿದ್ದು, ಫೋಟೋದವನು ಎಲ್ಲರನ್ನೂ ಈ ಕಡೆ ನೋಡಿ ಎನ್ನುತ್ತಿರುತ್ತಾನೆ. ಹೀಗಾಗಿ ನಾನು ಎಡಿಟ್ ಮಾಡಿದ ಮದುವೆಗಳಲ್ಲಿ ತಾಳಿ ಕಟ್ಟಿದ್ದನ್ನು ಊರೆಲ್ಲ ನೋಡಿದೆ, ನಾನೊಬ್ಬ ನೋಡಿಲ್ಲ. ಮೊನ್ನೆ ಒಬ್ಬ ಹುಡುಗಿಯ ತಾಯಿ ಫೋನ್ ಮಾಡಿದ್ದರು: "ಅಣ್ಣಾ, ಸೀಮಂತಕ್ಕಾದ್ರೂ ಮದ್ವೆ ವಿಡಿಯೊ ಕೊಡ್ತೀರಾ?"

ಹೊಸದೊಂದು ತೆಗೆದುಕೊಳ್ಳೋಣ ಎಂದರೆ ಬೆಂಗಳೂರಿನ ಅಕ್ಕನ ಮಗ ಅಡ್ಡ ಬರುತ್ತಾನೆ. "ಮಾವ, ಈಗ ಮಾತ್ರ ತಗೋಬೇಡಿ. ಮುಂದಿನ ಜನರೇಶನ್ ಬರ್ತಾ ಇದೆ." ಅವನು ಹೇಳುವುದು ಯಾವತ್ತೂ ಸುಳ್ಳಾಗಿಲ್ಲ. ಮುಂದಿನ ಜನರೇಶನ್ ಯಾವತ್ತೂ ಬರುತ್ತಲೇ ಇರುತ್ತದೆ. ಇಂದು ಕೊಂಡವನು ದುಡುಕಿದವನು, ಕಾಯುವವನು ತಿಳಿದವನು. ಒಂದು ರೂಪಾಯಿ ಬಿಚ್ಚದೆ ತಿಳಿದವನೆನಿಸಿಕೊಳ್ಳುವ ಸೌಕರ್ಯವನ್ನು ಒದಗಿಸಿದ್ದಕ್ಕಾಗಿ ತಮಗೆ ಮೊದಲು ನಮಸ್ಕಾರ.

ಕಾಯುವುದಕ್ಕೆ ಶಾಸ್ತ್ರಾಧಾರವೂ ಇದೆ. ಚಿಪ್ಪಿನೊಳಗೆ ಹಿಡಿಸುವ ಟ್ರಾನ್ಸಿಸ್ಟರ್‌ಗಳ ಸಂಖ್ಯೆ ವರ್ಷಕ್ಕೊಮ್ಮೆ ದುಪ್ಪಟ್ಟಾಗುತ್ತದೆ ಎಂದು ಚಿಪ್ಪು ತಂತ್ರಜ್ಞ ಗಾರ್ಡನ್ ಮೂರ್ 1965ರಲ್ಲಿ ಅಂದಾಜು ಮಾಡಿದರು. 1975ರಲ್ಲಿ ಅದನ್ನು ಎರಡು ವರ್ಷಕ್ಕೆ ತಿದ್ದಿದರು. ಇಂದು ಒಂದು ಲಕ್ಷಕ್ಕೆ ಸಿಗುವ ವೇಗ ನಾಳೆ ಅರ್ಧ ಬೆಲೆಗೆ ಸಿಗುತ್ತದೆ ಎಂಬ ನಮ್ಮ ನಂಬಿಕೆಯ ಬೇರು ಅಲ್ಲಿದೆ. 1999ರಲ್ಲಿ ಅರಿಜೋನಾ ವಿಶ್ವವಿದ್ಯಾಲಯದ ಖಗೋಳ ವಿಭಾಗದ ಕೆಲವರು ಇದನ್ನೇ ಅರೆತಮಾಷೆಯ ಪ್ರಬಂಧವಾಗಿ ಬರೆದರು. ದೊಡ್ಡ ಲೆಕ್ಕವೊಂದನ್ನು ಇಂದೇ ಶುರು ಮಾಡುವುದು ಮೇಲೋ, ಅಥವಾ ಸ್ವಲ್ಪ ಕಾಲ ಸಮುದ್ರ ತೀರದಲ್ಲಿ ಕಾಲು ಚಾಚಿ ಮಲಗಿದ್ದು, ವೇಗದ ಕಂಪ್ಯೂಟರ್ ಬಂದ ಮೇಲೆ ಅದನ್ನು ಕೊಂಡು ಶುರು ಮಾಡುವುದು ಮೇಲೋ? ಹದಿನೆಂಟು ತಿಂಗಳಿಗೊಮ್ಮೆ ವೇಗ ದುಪ್ಪಟ್ಟಾಗುವುದಾದರೆ ಮಲಗುವುದೇ ಮೇಲು ಎಂದು ಅವರ ಗಣಿತ ಹೇಳಿತು. ಷರತ್ತು ಒಂದೇ: ಆ ಲೆಕ್ಕ ಇಂದಿನ ಯಂತ್ರದಲ್ಲಿ 26 ತಿಂಗಳಿಗಿಂತ ಹೆಚ್ಚು ಕಾಲ ಓಡುವಂಥದ್ದಾಗಿರಬೇಕು.

ಇಪ್ಪತ್ತಾರು ತಿಂಗಳು, ಮಾನ್ಯರೇ. ನಮ್ಮ ಕಡೆಯ ಅತಿ ದೀರ್ಘ ಮದುವೆಯೂ, ಬೀಗರೂಟ ಸೇರಿಸಿ, ಒಂದು ರಾತ್ರಿಯಲ್ಲಿ ಎಕ್ಸ್‌ಪೋರ್ಟ್ ಆಗುತ್ತದೆ. ಅಂದರೆ ತಮ್ಮ ಪರವಾಗಿ ಸಿಕ್ಕ ಒಂದೇ ಒಂದು ಶಾಸ್ತ್ರವಚನವೂ ನನ್ನಂಥವನಿಗೆ "ಏಳಯ್ಯ, ಅಂಗಡಿಗೆ ಹೋಗು" ಎಂದೇ ಹೇಳುತ್ತದೆ.

ತಮ್ಮನ್ನು ತಯಾರಿಸುವವರೂ ತಮಗೆ ಹೆದರುತ್ತಾರೆ. ಹೆದರಿಸಿದ್ದು ಆಡಂ ಆಸ್ಬೋರ್ನ್ ಕಥೆ. ಅವರ ತಂದೆ ತಾಯಿ ರಮಣ ಮಹರ್ಷಿಗಳ ಭಕ್ತರು. ಹುಡುಗ ಬೆಳೆದದ್ದು ತಿರುವಣ್ಣಾಮಲೈಯಲ್ಲಿ, ಅರುಣಾಚಲದ ಬುಡದಲ್ಲಿ. ದೊಡ್ಡವನಾಗಿ ಅಮೆರಿಕ ಸೇರಿ, 1981ರಲ್ಲಿ 1,795 ಡಾಲರಿಗೆ ಆಸ್ಬೋರ್ನ್ 1 ಎಂಬ ಕಂಪ್ಯೂಟರ್ ತಂದರು. ತೂಕ ಹನ್ನೊಂದು ಕಿಲೋ. ಹಿಡಿಕೆ ಇದ್ದುದರಿಂದ ಅದನ್ನು 'ಹೊತ್ತೊಯ್ಯಬಹುದಾದ' ಕಂಪ್ಯೂಟರ್ ಎಂದು ಕರೆದರು. ಚೆನ್ನಾಗಿಯೇ ಮಾರಾಟವಾಯಿತು. ಆಮೇಲೆ ಇದಕ್ಕಿಂತ ಒಳ್ಳೆಯದು ಬರುತ್ತಿದೆ ಎಂಬ ಮಾತು ಮೊದಲೇ ಹೊರಬಿದ್ದಿತು. ಗಿರಾಕಿಗಳು ಕೈಕಟ್ಟಿ ನಿಂತರು, ಗೋದಾಮಿನಲ್ಲಿ ಹಳೆಯ ಮಾಲು ಉಳಿಯಿತು, 1983ರ ಸೆಪ್ಟೆಂಬರ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಪೈಪೋಟಿ, ಆಡಳಿತದ ಎಡವಟ್ಟು ಎಂದು ಬೇರೆ ಕಾರಣಗಳನ್ನೂ ಬಲ್ಲವರು ಹೇಳುತ್ತಾರೆ. ಆದರೂ ಬರಲಿರುವ ಮಾಲಿನ ಸುದ್ದಿ ಇರುವ ಮಾಲನ್ನು ಕೊಲ್ಲುವುದಕ್ಕೆ ವ್ಯಾಪಾರದವರು ಇಂದಿಗೂ ಆಸ್ಬೋರ್ನ್ ಹೆಸರನ್ನೇ ಇಟ್ಟಿದ್ದಾರೆ. ಆ ಪುಣ್ಯಾತ್ಮ ಕೊನೆಯುಸಿರೆಳೆದದ್ದೂ ತಮಿಳುನಾಡಿನಲ್ಲೇ, 2003ರಲ್ಲಿ, ಕೊಡೈಕನಾಲ್‌ನಲ್ಲಿ. ಜಗತ್ತಿಗೆ ಕಾಯುವುದನ್ನು ಕಲಿಸಿದ ಮೇಲೆ ಬೆಟ್ಟದ ಮೇಲೆ ಹೋಗಿ ಕೂರುವುದು ಯೋಗ್ಯವೇ.

ಕಂಪನಿಗಳು ಹೆದರಿದವೇ ಹೊರತು 'ನಾಳೆ' ಎನ್ನುವುದನ್ನು ಬಿಡಲಿಲ್ಲ. ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಮನೆಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದುದು ತಮಗೆ ಗೊತ್ತಿರಲಿಕ್ಕಿಲ್ಲ. ರಾತ್ರಿ ಬಾಗಿಲು ಬಡಿಯಲು ಬಂದ ದೆವ್ವ ಅದನ್ನು ಓದಿ ವಾಪಸು ಹೋಗುತ್ತಿತ್ತಂತೆ. ಮರುದಿನ ಬಂದು ಮತ್ತೆ ಓದಿ ಮತ್ತೆ ಹೋಗುತ್ತಿತ್ತಂತೆ. ಅಕ್ಷರ ಬಲ್ಲ, ಮಾತಿಗೆ ಬೆಲೆ ಕೊಡುವ ದೆವ್ವ. ಈಗ ಬಾಗಿಲ ಮೇಲೆ ಬರೆಯುವವರು ಕಂಪ್ಯೂಟರ್ ಕಂಪನಿಯವರು. ಓದಿಕೊಂಡು ವಾಪಸು ಹೋಗುವವರು ನಾವು.

ಆ್ಯಪಲ್ ಕಂಪನಿಯ ಮ್ಯಾಕ್ ಪ್ರೊ ಎಂಬ ಡೆಸ್ಕ್‌ಟಾಪಿನ ಬಾಗಿಲಲ್ಲಿ ನಿಂತವರನ್ನು ಕೇಳಿ. 2013ರ ಡಿಸೆಂಬರ್‌ನಲ್ಲಿ ಕಪ್ಪಗೆ ಮಿರಮಿರ ಮಿಂಚುವ, ಮೊಳದುದ್ದವೂ ಇಲ್ಲದ ಸಿಲಿಂಡರ್ ಬಂತು. ಜನ ಅದಕ್ಕೆ ಪ್ರೀತಿಯಿಂದ ಕಸದ ಡಬ್ಬಿ ಎಂದರು. ಒಳಗೆ ಮುಮ್ಮೂಲೆಯ ಲೋಹದ ಕಂಬ; ಒಂದು ಮುಖಕ್ಕೆ ಪ್ರೊಸೆಸರ್, ಉಳಿದೆರಡಕ್ಕೆ ಎರಡು ಗ್ರಾಫಿಕ್ಸ್ ಕಾರ್ಡು, ಎಲ್ಲಕ್ಕೂ ಸೇರಿ ಮೇಲೊಂದು ಫ್ಯಾನು. ಎರಡು ಸಣ್ಣ ಕಾರ್ಡುಗಳ ಕಾಲ ಬರುತ್ತದೆ ಎಂದುಕೊಂಡು ಮಾಡಿದ್ದು. ಬಂದದ್ದು ಒಂದೇ ದೊಡ್ಡ, ಕುದಿಯುವ ಕಾರ್ಡಿನ ಕಾಲ. ಅದನ್ನು ಆ ಡಬ್ಬಿಯೊಳಗೆ ತಣ್ಣಗಿಡುವ ದಾರಿ ಇರಲಿಲ್ಲ. 2017ರ ಏಪ್ರಿಲ್‌ನಲ್ಲಿ ಕಂಪನಿಯ ದೊಡ್ಡವರು ನಾಲ್ಕಾರು ಪತ್ರಕರ್ತರನ್ನು ಕರೆದು, ಶಾಖದ ವಿಷಯದಲ್ಲಿ ನಾವೇ ಮೂಲೆಗೆ ಸಿಕ್ಕಿಕೊಂಡೆವು, ಹೊಸದು ಮಾಡುತ್ತಿದ್ದೇವೆ, ಆದರೆ ಈ ವರ್ಷ ಬರುವುದಿಲ್ಲ ಎಂದರು. ಕಾಯುತ್ತಿದ್ದವರಿಗೆ ಆನಂದಬಾಷ್ಪ. ಕಾಯಲು ಈಗ ಅಧಿಕೃತ ಕಾರಣ ಸಿಕ್ಕಿತ್ತಲ್ಲ!

ಹೊಸದು ಬಂದದ್ದು 2019ರ ಡಿಸೆಂಬರ್‌ನಲ್ಲಿ. 5,999 ಡಾಲರಿನಿಂದ ಆರಂಭ. ಕೆಳಗೆ ನಾಲ್ಕು ಗಾಲಿ ಬೇಕೆಂದರೆ ಇನ್ನೂ 400 ಡಾಲರು. ಆ ಗಾಲಿಗಳಿಗೆ ಬ್ರೇಕ್ ಇರಲಿಲ್ಲ. ಒಂದೂವರೆ ಟೆರಾಬೈಟ್ ಮೆಮೊರಿ ಹಾಕಬಹುದಾಗಿತ್ತು, ಕಾರ್ಡುಗಳಿಗೆ ಸಾಲು ಸಾಲು ಸ್ಲಾಟುಗಳಿದ್ದವು. ಆರು ವರ್ಷದ ತಪಸ್ಸು ಫಲಿಸಿತು ಎನ್ನುವಷ್ಟರಲ್ಲಿ, ಆರೇ ತಿಂಗಳಿಗೆ, 2020ರ ಜೂನ್‌ನಲ್ಲಿ, ಇನ್ನು ಇಂಟೆಲ್ ಬೇಡ, ನಮ್ಮದೇ ಚಿಪ್ಪು ಎಂದು ಆ್ಯಪಲ್ ಪ್ರಕಟಿಸಿತು. ಹಾಗಾದರೆ ಆ ಚಿಪ್ಪಿನ ಮ್ಯಾಕ್ ಪ್ರೊಗೇ ಕಾಯೋಣ ಎಂದವರಿಗೆ ಅದು ಸಿಕ್ಕಿದ್ದು 2023ರ ಜೂನ್‌ನಲ್ಲಿ, 6,999 ಡಾಲರಿಗೆ. ಈ ಬಾರಿ ಮೆಮೊರಿ ಹೆಚ್ಚೆಂದರೆ 192 ಗಿಗಾಬೈಟ್. ಸ್ಲಾಟುಗಳು ಇದ್ದವು, ಅವುಗಳಲ್ಲಿ ಗ್ರಾಫಿಕ್ಸ್ ಕಾರ್ಡು ಮಾತ್ರ ಕೆಲಸ ಮಾಡುತ್ತಿರಲಿಲ್ಲ. ಅದೇ ಚಿಪ್ಪು ಅದೇ ದಿನ ಅದಕ್ಕಿಂತ ಬಹಳ ಅಗ್ಗದ ಮ್ಯಾಕ್ ಸ್ಟುಡಿಯೊ ಎಂಬ ಪುಟ್ಟ ಪೆಟ್ಟಿಗೆಯಲ್ಲೂ ಬಂತು. 2025ರ ಮಾರ್ಚ್‌ನಲ್ಲಿ ಪುಟ್ಟ ಪೆಟ್ಟಿಗೆಗೆ ಹೊಸ ಚಿಪ್ಪು ಬಂತು. ದೊಡ್ಡಣ್ಣನ ಪಾಲಿಗೆ ಹಳೆಯದೇ ಉಳಿಯಿತು.

ಈ ಕಥೆಯಲ್ಲಿ ಕೆಲಸ ಮಾಡಿದವರು ಯಾರು ಎಂದು ಹುಡುಕಿದೆ, ಮಾನ್ಯರೇ. 2013ರ ಕಸದ ಡಬ್ಬಿಯನ್ನೇ ಕೊಂಡು ದುಡಿದವರು ಅಷ್ಟು ವರ್ಷ ಸಿನಿಮಾ ಕತ್ತರಿಸಿದರು, ಸಂಗೀತ ಮಿಕ್ಸ್ ಮಾಡಿದರು, ಬಿಲ್ಲು ಬರೆದರು. ವಿಂಡೋಸಿಗೆ ಹೋದವರೂ ಅಷ್ಟೆ. ಕಾದವರ ಬಳಿ ಉಳಿದದ್ದು ತಮ್ಮ ಬಗೆಗಿನ ಅಪಾರ ಜ್ಞಾನ.

ಕಾದರೆ ಬೆಲೆಯಾದರೂ ಇಳಿಯುತ್ತದೆ ಎಂಬ ಹಿರಿಯರ ಮಾತೂ ಈಗ ಕೈಕೊಟ್ಟಿದೆ. 2025ರ ಕೊನೆಯಿಂದ ಮೆಮೊರಿಯ ಬೆಲೆ ಏರತೊಡಗಿ, ಕೆಲವೇ ತಿಂಗಳಲ್ಲಿ ರ‍್ಯಾಮ್ ದುಪ್ಪಟ್ಟು ದಾಟಿತು. ಜಗತ್ತಿಗೆಲ್ಲ ಮೆಮೊರಿ ಚಿಪ್ಪು ಮಾಡುವವರಲ್ಲಿ ದೊಡ್ಡವರು ಮೂವರೇ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳು ಹೇಳಿದ ಬೆಲೆಗೆ ಎತ್ತಿಕೊಂಡು ಹೋಗುವಾಗ ಹಾಸನದ ಮದುವೆ ವಿಡಿಯೊದವನಿಗೆ ಮಾರುವವರು ಯಾರು? ಆ ವರ್ಷದ ಡಿಸೆಂಬರ್‌ನಲ್ಲಿ ಮೈಕ್ರಾನ್ ನಮ್ಮಂಥವರಿಗೆಂದೇ ಇದ್ದ ಕ್ರೂಶಿಯಲ್ ಎಂಬ ತನ್ನ ಬ್ರ್ಯಾಂಡಿನ ವ್ಯಾಪಾರವನ್ನೇ ಮುಚ್ಚುವುದಾಗಿ ಹೇಳಿತು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ರ‍್ಯಾಮ್ ರೇಟು ಕೇಳಿದರೆ ಅಂಗಡಿಯವರು ಮೊದಲು ಫೋನ್ ಮಾಡಿ, ಆಮೇಲೆ ನಮ್ಮ ಮುಖ ನೋಡಿ, "ಈ ರೇಟು ಇವತ್ತು ಸಾಯಂಕಾಲದವರೆಗೆ ಮಾತ್ರ ಸಾರ್" ಎನ್ನುತ್ತಾರೆ. ಚಿನ್ನದಂಗಡಿಯಲ್ಲೂ ಇಷ್ಟು ಬಿಗಿ ಇಲ್ಲ.

ತಮಗೆ ಅನ್ಯಾಯ ಮಾಡುವ ಉದ್ದೇಶ ನನ್ನದಲ್ಲ. ಕಾಯುವುದು ಸರಿಯೆನಿಸುವ ಸಂದರ್ಭವೂ ಉಂಟು. ಬಣ್ಣ ತಿದ್ದಲು ಅನುಕೂಲವೆಂದು ಕ್ಯಾಮೆರಾದವರು 4:2:2 ಎಂಬ ಬಗೆಯಲ್ಲಿ ತೆಗೆಯುತ್ತಾರೆ. ಅದನ್ನು ಸಲೀಸಾಗಿ ಬಿಡಿಸಿ ತೋರಿಸುವ ಭಾಗ ಇಂಟೆಲ್‌ನ ಡೆಸ್ಕ್‌ಟಾಪ್ ಚಿಪ್ಪುಗಳಲ್ಲಿ ಹನ್ನೊಂದನೇ ತಲೆಮಾರಿನಿಂದ ಇತ್ತು. ಎನ್‌ವಿಡಿಯಾದ ಗ್ರಾಫಿಕ್ಸ್ ಕಾರ್ಡಿಗೆ ಬಂದದ್ದು 2025ರ ಜನವರಿಯಲ್ಲಿ, 50ರ ಸರಣಿಯ ಜೊತೆಗೆ. ಅದರ ಹಿಂದಿನ ಡಿಸೆಂಬರ್‌ನಲ್ಲಿ ದೊಡ್ಡ ಕಾರ್ಡು ಕೊಳ್ಳಲು ಹೊರಟವನು ಒಂದು ತಿಂಗಳು ತಡೆದಿದ್ದರೆ ಜಾಣನೇ. ಏಕೆಂದರೆ ಬೇಕಾದದ್ದು ಏನೆಂದು ಅವನಿಗೆ ಗೊತ್ತಿತ್ತು, ಬರುವ ದಿನ ಹತ್ತಿರವಿತ್ತು. ಈ ಎರಡೂ ಇಲ್ಲದ ಕಾಯುವಿಕೆಗೆ ಸೋಮಾರಿತನ ಎಂದರೆ ತಾವು ಬೇಸರಿಸಬಾರದು. ಇನ್ನು ಕೆಲವರಿಗೆ ಕೊಳ್ಳುವುದೂ ಬೇಡ, ಕಾಯುವುದೂ ಬೇಡ: ವಿಡಿಯೊದ ಸಣ್ಣ ಪ್ರತಿ, ಅಂದರೆ ಪ್ರಾಕ್ಸಿ, ಮಾಡಿಕೊಂಡು ಕತ್ತರಿಸಿದರೆ, ಹಳೆಯ ಹಾರ್ಡ್ ಡಿಸ್ಕ್ ಕಿತ್ತು ಎಸ್‌ಎಸ್‌ಡಿ ಹಾಕಿದರೆ, ಹಳೆಯ ಡಬ್ಬಿಯೇ ಇನ್ನೊಂದು ಲಗ್ನದ ಕಾಲ ದಾಟಿಸುತ್ತದೆ. ನನ್ನದು ಆ ಘಟ್ಟ ದಾಟಿದೆ. ಅದರಲ್ಲಿರುವುದು ಏಳನೇ ತಲೆಮಾರಿನ ಇಂಟೆಲ್. ವಿಂಡೋಸ್ 11 ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು.

ನಮ್ಮ ಆಡಿಟರ್ ಹತ್ತಿರ ತಮ್ಮ ವಿಚಾರ ಎತ್ತಿದೆ. ಅವರಿಗೆ ತಾವ್ಯಾರೆಂದೇ ಗೊತ್ತಿಲ್ಲ. ಅವರ ಲೆಕ್ಕ ಇಷ್ಟೆ: ಕಂಪ್ಯೂಟರಿಗೆ ವರ್ಷಕ್ಕೆ ಶೇ. 40 ಸವಕಳಿ, ಕೊಂಡ ಹಣಕಾಸು ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದರೆ ಅದರಲ್ಲಿ ಅರ್ಧ. ಅಕ್ಟೋಬರ್ ಮೊದಲ ವಾರ ದಾಟಿದರೆ ಈ ವರ್ಷದ ಸವಕಳಿ ಅರ್ಧಕ್ಕೆ ಇಳಿಯಿತು. ಜಿಎಸ್‌ಟಿ ನಂಬರಿದ್ದರೆ ಬಿಲ್ಲಿನ ಮೇಲಿನ ಶೇ. 18 ಕ್ರೆಡಿಟ್ಟೂ ಸಿಗುತ್ತದೆ. "ಬಿಲ್ಲು ಯಾವ ತಾರೀಖಿಂದು?" ಎಂದು ಕೇಳಿದರೇ ಹೊರತು, ಯಾವ ಜನರೇಶನ್ ಎಂದು ಕೇಳಲಿಲ್ಲ. ಅವರ ಪ್ರಕಾರ ನನ್ನ ಬಳಿ ಇರುವುದಷ್ಟೇ ಸವೆಯುತ್ತದೆ. ಇಲ್ಲದ್ದು ಸವೆಯುವುದಿಲ್ಲ, ಗಳಿಸುವುದೂ ಇಲ್ಲ.

ಅಲ್ಲಿಗೆ ನನಗೆ ಅರ್ಥವಾದದ್ದನ್ನು ತಮ್ಮ ಗಮನಕ್ಕೆ ತರುತ್ತಿದ್ದೇನೆ. ನಾವು ಅಂಗಡಿಯ ಕಂಪ್ಯೂಟರನ್ನು ತಮ್ಮ ಪಕ್ಕದಲ್ಲಿ ನಿಲ್ಲಿಸಿ ನೋಡುತ್ತೇವೆ. ತಮ್ಮ ಎದುರು ಯಾವುದು ತಾನೇ ಗೆದ್ದೀತು? ಅದನ್ನು ನಿಲ್ಲಿಸಬೇಕಾದದ್ದು ಮೇಜಿನ ಕೆಳಗಿನ ಡಬ್ಬಿಯ ಪಕ್ಕ. ನಿಲ್ಲಿಸಿದ ತಕ್ಷಣ ಪ್ರಶ್ನೆಯೇ ಉಳಿಯುವುದಿಲ್ಲ; ಕಳೆದ ವರ್ಷದ ಸಾಧಾರಣ ಮಾಡೆಲ್ಲೂ ಅಲ್ಲಿ ಮಹಾರಾಜ. ಅಂಥದ್ದೊಂದನ್ನು ಈ ವಾರ ಕೊಳ್ಳುತ್ತಿದ್ದೇನೆ. ರ‍್ಯಾಮ್ ಸದ್ಯಕ್ಕೆ ಬೇಕಾದಷ್ಟೇ, ಮುಂದೆ ಸೇರಿಸಲು ಎರಡು ಸ್ಲಾಟು ಖಾಲಿ. ಗಾಲಿ ಇಲ್ಲ.

ತಾವು ಬರುವುದು ನಿಜ, ಅದರಲ್ಲಿ ಸಂಶಯವಿಲ್ಲ. ಬಂದ ದಿನ ತಮ್ಮನ್ನು ಗಾಜಿನ ಬೀರುವಿನಲ್ಲಿ ದೀಪ ಹಚ್ಚಿ ಕೂರಿಸುತ್ತಾರೆ. ನಮ್ಮ ಅಕ್ಕನ ಮಗನೂ ಬರುತ್ತಾನೆ, ತಮ್ಮನ್ನು ಮುಟ್ಟಿ ನೋಡುತ್ತಾನೆ, ಆಮೇಲೆ ತಮ್ಮ ಮುಂದೆಯೇ ಅಂಗಡಿಯವರನ್ನು ಕೇಳುತ್ತಾನೆ, ಇದರ ಮುಂದಿನದು ಯಾವಾಗ ಅಂತ. ಹುಡುಗ ಒಳ್ಳೆಯವನು, ಬೇಸರ ಮಾಡಿಕೊಳ್ಳಬೇಡಿ.

ಇಂತಿ ತಮ್ಮ ವಿಶ್ವಾಸಿ,
ಕಾಯುವವರ ಪಟ್ಟಿಯಿಂದ ಹೆಸರು ತೆಗೆಸಿಕೊಂಡವನು