ಬೀಗತಿಯೂ ಸರ್ವನಾಮವೂ

ಅರವತ್ತೆಂಟನೆಯ ವಯಸ್ಸಿನಲ್ಲಿ, ಹಲ್ಲುಗಳು ಒಂದೊಂದಾಗಿ ನನ್ನನ್ನು ತ್ಯಜಿಸುತ್ತಿರುವ ಹೊತ್ತಿನಲ್ಲಿ, ಜರ್ಮನ್ ವ್ಯಾಕರಣಕ್ಕೆ ಕೈಹಾಕುವ ದುರ್ಬುದ್ಧಿ ನನಗೆ ಹುಟ್ಟಿದ್ದಕ್ಕೆ, ಸ್ಟುಟ್‌ಗಾರ್ಟಿನಲ್ಲಿ ನೌಕರಿ ಮಾಡುವ ಮಗನು ಅಲ್ಲಿಯ ಕನ್ಯೆಯನ್ನೇ ವರಿಸಿ ನನಗೊಬ್ಬ ಜರ್ಮನ್ ಬೀಗತಿಯನ್ನು ಸಂಪಾದಿಸಿಕೊಟ್ಟದ್ದೇ ಕಾರಣ. ಸಂಜೆ ಅಗಡಿಯ ಆನಂದವನದ ಕಡೆಗೆ ಅಡ್ಡಾಡಲು ಹೋಗುತ್ತ ‘ದೇರ್, ದೀ, ದಾಸ್’ ಎಂದು ಆ ಭಾಷೆಯ ಲಿಂಗತ್ರಯವನ್ನು ಜಪಿಸುತ್ತಿದ್ದಾಗ ಎದುರಾದ ನೆರೆಯವರೊಬ್ಬರು, “ಮಾಸ್ತರ್ರ, ಇದ್ಯಾವ ಮಂತ್ರರೀ?” ಎಂದು ಭಕ್ತಿಯಿಂದ ಕೇಳಿದರು. ಮಂತ್ರವಾಗಿದ್ದರೆ ಇಷ್ಟರಲ್ಲಿ ಸಿದ್ಧಿಸುತ್ತಿತ್ತು.

ಒಂದೇ ತಾಟಿನ ಬದಿಗಿಟ್ಟ ಚಮಚ ಪುಲ್ಲಿಂಗ, ಮುಳ್ಳುಚಮಚ ಸ್ತ್ರೀಲಿಂಗ, ಚಾಕು ನಪುಂಸಕ. ಸೂರ್ಯನು ಹೆಣ್ಣು, ಚಂದ್ರನು ಗಂಡು. ಇದನ್ನೆಲ್ಲ ಸಹಿಸಿದವನು, ಅಲ್ಪಾರ್ಥದ ಪ್ರತ್ಯಯವೊಂದು ಬಾಲಕ್ಕೆ ಅಂಟಿದ ಮಾತ್ರಕ್ಕೆ ಹುಡುಗಿಯೂ ನಪುಂಸಕಲಿಂಗವೆಂದು ತಿಳಿದಾಗ ಪುಸ್ತಕ ಮುಚ್ಚಿದೆನು. (‘ಕೂಸು ಅತ್ತಿತು’ ಎನ್ನುವ ನಮಗೆ ನಗುವ ಅಧಿಕಾರವಿಲ್ಲವೆಂಬುದು ಆಮೇಲೆ ಹೊಳೆಯಿತು.) ಕೇಶಿರಾಜನ ಏಳು ವಿಭಕ್ತಿಗಳನ್ನು ಅರಗಿಸಿಕೊಂಡವನಿಗೆ ಇವರ ನಾಲ್ಕು ಯಾವ ಲೆಕ್ಕ ಎಂಬ ನನ್ನ ಹಮ್ಮೂ ವಾರದೊಳಗೆ ಇಳಿಯಿತು. ಆದರೆ ಉಪವಾಕ್ಯಗಳಲ್ಲಿ ಕ್ರಿಯಾಪದವು ನಮ್ಮಲ್ಲಿಯಂತೆಯೇ ಸಾವಕಾಶವಾಗಿ ಕಡೆಗೆ ಬಂದು ಕೂಡುವುದನ್ನು ಕಂಡಾಗ, ಪರವೂರ ಸಂತೆಯಲ್ಲಿ ತವರಿನವರನ್ನು ಕಂಡ ಸೊಸೆಯಂತೆ ಹಿಗ್ಗಿದೆನು. 1853ರಲ್ಲಿ ಈ ನಾಡಿಗೆ ಬಂದು, ಆ ಕೇಶಿರಾಜನ ಶಬ್ದಮಣಿದರ್ಪಣವನ್ನೇ ಸಂಪಾದಿಸಿ, 1894ರಲ್ಲಿ ನಮಗೆ ನಮ್ಮದೇ ಮಾತುಗಳ ಮಹಾಕೋಶವನ್ನು ಕೊಟ್ಟ ಜರ್ಮನಿಯ ಕಿಟ್ಟೆಲ್ಲರೂ ಇಂಥ ಸುಖವನ್ನು ಕಂಡಿರಬಹುದೆ?

ನಿಜವಾದ ವಿಪತ್ತು ಸರ್ವನಾಮದಲ್ಲಿತ್ತು. ‘ದು’ ಎಂದರೆ ನೀನು, ‘ಜೀ’ ಎಂದರೆ ತಾವು; ಅವಳೆನ್ನುವುದಕ್ಕೂ ಅವರೆನ್ನುವುದಕ್ಕೂ ಅದೇ ‘ಜೀ’ಯೇ ಆದರೂ, ಬರವಣಿಗೆಯಲ್ಲಿ ತಾವೆಂಬರ್ಥದ್ದಕ್ಕೆ ಮಾತ್ರ ಮೊದಲಕ್ಷರ ದೊಡ್ಡದು. ಬೀಗತಿಯನ್ನು ನಾನು ಎರಡು ವರ್ಷ ಫೋನಿನಲ್ಲಿ ‘ಜೀ’ಯಿಂದಲೇ ಸತ್ಕರಿಸಿ, ಹಾವೇರಿ ಜಿಲ್ಲೆಯ ಮರ್ಯಾದೆಯನ್ನು ಕಾಪಾಡಿದೆನೆಂದು ಬೀಗುತ್ತಿದ್ದೆ. ಒಂದು ದಿನ ಮಗ ಹೇಳಿದ: “ಅಪ್ಪಾ, ಅವರು ಬ್ಯಾಸರಾ ಮಾಡ್ಕೊಂಡಾರ. ‘ದು’ ಅನ್ನೂಣು ಅಂತ ಹಿರೇರ ಮೊದಲ ಹೇಳಬೇಕಂತ. ನೀವು ಮೂರು ವರ್ಷಕ್ಕ ಹಿರೇರು. ಬೇಕಂತ ದೂರ ಇಟ್ಟೀರಿ ಅಂತ ತಿಳ್ಕೊಂಡಾರ.”

ಬೀಗತಿಗೆ ಏಕವಚನ! ದೇವರನ್ನು ಅವರೂ ನಾವೂ ನೀನೆಂದೇ ಕರೆಯುತ್ತೇವೆ, ದೇವರು ಮುನಿದಿಲ್ಲ. ಆದರೆ ಅಗಡಿಯಲ್ಲಿ ಬೀಗರನ್ನು ನೀನೆಂದು ಉಳಿದವರುಂಟೆ? ಬಳಿಯಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದ ನನ್ನಾಕೆ, “ಅಷ್ಟ್ಯಾಕ ಬೆವರ್ತೀರಿ? ನಾ ಎಲ್ಲಾದಕ್ಕೂ ‘ರೀ’ ಹಚ್ಚತೀನಿ, ನಡದೈತಿ” ಎಂದಳು. ಆಕೆಯ ಜರ್ಮನ್ ‘ಯಾ’ ಎಂಬುದರಿಂದ ಹೊರಟು ‘ಯಾರೀ’ ಎಂಬಲ್ಲಿಗೆ ಮುಗಿಯುತ್ತದೆ.

ಮರುದಿನ ಫೋನಿನಲ್ಲಿ ಬೀಗತಿಯ ಮುಖ ಕಂಡೊಡನೆ, ರಾತ್ರಿಯಿಡೀ ಬಾಯಿಪಾಠ ಮಾಡಿದ ವಾಕ್ಯ ಮರೆತುಹೋಗಿ, ಎದ್ದು ನಿಂತು, ಕೈಜೋಡಿಸಿ, ‘ದು’ ಎಂದೆನು; ಎಂದೊಡನೆ ಅರವತ್ತೆಂಟು ವರ್ಷದ ನಾಲಿಗೆ ನನ್ನನ್ನು ಕೇಳದೆ ಅದಕ್ಕೊಂದು ‘ರೀ’ ಸೇರಿಸಿಬಿಟ್ಟಿತು.

ಅದು ಎಷ್ಟನೆಯ ವಿಭಕ್ತಿಯೆಂದು ಬೀಗತಿಯವರು ಆಮೇಲೆ ಮಗನನ್ನು ವಿಚಾರಿಸಿದರಂತೆ.