ಹಿಮಮತ್ಸ್ಯಮೀಮಾಂಸೆ, ಅಥವಾ ಹೇಮಾವತಿಯ ಹಿನ್ನೀರಿನ ಬಹುದಿನಸಾಧ್ಯ ಗಾಳವಿದ್ಯೆಯ ವಿಚಾರ

ಶಾಸ್ತ್ರವೆನಿಸಿಕೊಳ್ಳುವುದು ಯಾವುದೇ ಆಗಲಿ, ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳನ್ನು ನಿರೂಪಿಸದೆ ಮುಂದಕ್ಕೆ ಕಾಲಿಡಬಾರದೆಂಬುದು ಹಿರಿಯರ ಕಟ್ಟಳೆ. ಆ ಕಟ್ಟಳೆಗೆ ತಲೆಬಾಗಿ ಹೇಳುವುದಾದರೆ, ಪ್ರಕೃತ ಗ್ರಂಥದ ವಿಷಯವು ವಿಸ್ತಾರವಾದ ಜಲರಾಶಿಯ ದಡದಲ್ಲಿ ಹಲವು ದಿನ ಬಿಡಾರ ಹೂಡಿ, ಹಿಮದ ಸಹಾಯದಿಂದ ಮೀನನ್ನು ಸಂಪಾದಿಸುವ ವಿದ್ಯೆ. ಅಧಿಕಾರಿಯು ಕಾಫಿ ಕೊಯ್ಲನ್ನು ಮುಗಿಸಿ, ಕಣದ ಲೆಕ್ಕವನ್ನು ರೈಟರಿಗೆ ಒಪ್ಪಿಸಿ, ಹೂಮಳೆಗಾಗಿ ಆಕಾಶ ನೋಡುವುದರ ಹೊರತು ಬೇರೆ ಉದ್ಯೋಗವಿಲ್ಲದ ತೋಟದ ಸಾಹುಕಾರ. ಪ್ರಯೋಜನವು ಮೀನಿನ ಸಾರು. ಸಂಬಂಧವೋ, ಗಾಳಕ್ಕೂ ಸಾರಿಗೂ ನಡುವೆ ಇರುವುದೇನೆಂಬುದೇ ವಿವಾದಗ್ರಸ್ತವಾಗಿರುವುದರಿಂದ, ಅದನ್ನು ಸದ್ಯಕ್ಕೆ ಬದಿಗಿಡಲಾಗಿದೆ.

ಇಲ್ಲಿ ಔತ್ತರೇಯರೆಂಬ ಪೂರ್ವಪಕ್ಷಿಗಳು ಎದ್ದುನಿಂತು ಆಕ್ಷೇಪಿಸುತ್ತಾರೆ. ಹಿಮಗಾಳವೆಂದರೆ ಹೆಪ್ಪುಗಟ್ಟಿದ ಸರೋವರದ ಮೇಲೆ ನಡೆದುಹೋಗಿ, ಬೈರಿಗೆಯಿಂದ ರಂಧ್ರ ಕೊರೆದು, ಅದರೊಳಗೆ ದಾರವಿಳಿಸಿ ಕೂರುವುದು. ಫಿನ್ಲೆಂಡಿನವರೂ, ಬೈಕಲ್ ತೀರದ ರಷ್ಯನ್ನರೂ, ಅಮೆರಿಕದ ಮಿನ್ನೆಸೋಟಾ ಪ್ರಾಂತದಲ್ಲಿ ಮಿಲ್ ಲ್ಯಾಕ್ಸ್ ಎಂಬ ಮಹಾಸರೋವರದ ನಡುವಿಗೆ ಒಲೆ ಮಂಚಗಳ ಸಮೇತ ಗುಡಿಸಲನ್ನೇ ಎಳೆದೊಯ್ದು ದಿನಗಟ್ಟಲೆ ವಾಸಿಸುವವರೂ ಆಚರಿಸುವುದು ಇದನ್ನೇ. ನಡೆಯುವವನ ಭಾರ ತಾಳಲು ಗಟ್ಟಿಹಿಮ ನಾಲ್ಕಂಗುಲ ದಪ್ಪವಾದರೂ ಇರಬೇಕು. ನೀರು 4 ಡಿಗ್ರಿಯ ಶೈತ್ಯದಲ್ಲಿ ಅತ್ಯಂತ ಸಾಂದ್ರವಾಗಿ ತಳ ಸೇರುವುದರಿಂದಲೂ ಹಿಮವು ಅದಕ್ಕಿಂತ ಹಗುರಾಗಿ ಮೇಲೆ ತೇಲುವುದರಿಂದಲೂ ಮೀನುಗಳು ಕೆಳಗೆ ಸುಖವಾಗಿ ಬದುಕಿರುತ್ತವೆ. ನಿಮ್ಮ ಹೇಮಾವತಿಯ ಮೇಲಾದರೋ ಮಾಘಮಾಸದ ಮುಂಜಾವಿನಲ್ಲೂ ಕಾವಳವಲ್ಲದೆ ಮತ್ತೇನೂ ಹಬ್ಬದು. ಕಾವಳಕ್ಕೆ ಬೈರಿಗೆ ಹಾಕಿ ಫಲವೇನು?

ಆಕ್ಷೇಪವು ಕೇಳುವುದಕ್ಕೆ ಗಂಭೀರವಾಗಿದೆ. ಆದರೆ ಔತ್ತರೇಯರಿಗೆ ನ್ಯಾಯಶಾಸ್ತ್ರದ ಪರಿಚಯ ಸಾಲದು. ಅವರು ಹಿಮಕ್ಕೂ ಸರೋವರಕ್ಕೂ ಸಮವಾಯ ಸಂಬಂಧವನ್ನು, ಎಂದರೆ ಬಟ್ಟೆಗೂ ನೂಲಿಗೂ ಇರುವಂಥ ಅಗಲಲಾರದ ನಂಟನ್ನು, ಕಲ್ಪಿಸಿಕೊಂಡಿದ್ದಾರೆ. ಅದು ಬರಿಯ ಸಂಯೋಗವೆಂಬುದನ್ನು ಅವರದೇ ನಾಡಿನ ಫ್ರೆಡೆರಿಕ್ ಟ್ಯೂಡರ್ ಎಂಬ ವರ್ತಕನು 1833ರಲ್ಲೇ ಸಾಧಿಸಿ ತೋರಿದನು. ಮ್ಯಾಸಚೂಸೆಟ್ಸ್ ಸೀಮೆಯ ಕೆರೆಗಳಿಂದ ಹಿಮವನ್ನು ಗರಗಸದಿಂದ ಕೊಯ್ದು, ಮರದ ಹೊಟ್ಟಿನಲ್ಲಿ ಹುದುಗಿಸಿ, ಹಡಗೇರಿಸಿ ಕಲಕತ್ತೆಗೆ ಕಳುಹಿಸಿದವನು ಅವನು; ಮದರಾಸಿನ ಕಡಲ ತಡಿಯಲ್ಲಿ ಆ ಹಿಮವನ್ನು ಕೂಡಿಡಲು ಕಟ್ಟಿದ ಐಸ್ ಹೌಸ್ ವಿವೇಕಾನಂದರ ಹೆಸರು ಹೊತ್ತು ಇಂದಿಗೂ ನಿಂತಿದೆ. ಸರೋವರವನ್ನು ಬಿಟ್ಟು ಹಿಮವು ಸಪ್ತಸಮುದ್ರ ದಾಟಬಹುದಾದರೆ, ಬೇರೊಂದೆಡೆಯಿಂದ ಹೊರಟು ಸಕಲೇಶಪುರವನ್ನು ಮುಟ್ಟಲು ಶಾಸ್ತ್ರದಲ್ಲಿ ಅಡ್ಡಿಯೇನೂ ಕಾಣದು. ಅದು ಸರೋವರವನ್ನು ಸೇರುವ ಮೊದಲು ಮೀನನ್ನು ಸೇರಿತೆಂಬುದು ಕ್ರಮಭೇದವೇ ಹೊರತು ತತ್ತ್ವಭೇದವಲ್ಲ.

ಪೂರ್ವಾಚಾರ್ಯರ ಅಭಿಪ್ರಾಯವನ್ನೂ ನೋಡಬೇಕಷ್ಟೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವೊಂದಿದ್ದು, ಯಾವ ಮೀನಿಗೆ ಯಾವ ತುತ್ತು, ಗಾಳ ಹೇಗೆ, ಕೋಲು ಹೇಗೆ ಎಂಬುದನ್ನು ರಾಜನೀತಿಯಷ್ಟೇ ಶ್ರದ್ಧೆಯಿಂದ ವಿವರಿಸಲಾಗಿದೆ. ಮತ್ಸ್ಯವಿಜ್ಞಾನಿಯಾದ ಸುಂದರಲಾಲ ಹೋರಾ ಅವರು 1951ರಲ್ಲಿ ಅದರ ಮೇಲೆ ಪಾಂಡಿತ್ಯಪೂರ್ಣ ಲೇಖನವನ್ನೂ ಬರೆದರು. ಗೆದ್ದ ರಾಜ್ಯಕ್ಕಿಂತ ಗಾಳಕ್ಕೆ ಸಿಕ್ಕಿದ ಮೀನನ್ನು ಕುರಿತು ಹೆಚ್ಚು ಸಂಭ್ರಮಪಡಬಲ್ಲ ಅರಸರು ನಮಗೆ ಇನ್ನಷ್ಟು ಮಂದಿ ದೊರೆತಿದ್ದರೆ ಚರಿತ್ರೆಯ ಪಠ್ಯಪುಸ್ತಕಗಳು ಎಷ್ಟೋ ತೆಳ್ಳಗಿರುತ್ತಿದ್ದುವು. ಮಂಜ್ರಾಬಾದಿನಲ್ಲಿ ಕಾಫಿ ಬೆಳೆದ ಎಲಿಯಟ್ ಸಾಹೇಬನು 1894ರ ತನ್ನ ಗ್ರಂಥದ ಹೆಸರಿನಲ್ಲಿ ಚಿನ್ನ, ಬೇಟೆ, ಕಾಫಿ ಮೂರನ್ನೂ ಸೇರಿಸಿದನು. ಮೀನನ್ನು ಬಿಟ್ಟನು, ಹಿಮವನ್ನೂ ಬಿಟ್ಟನು. ಪೂರ್ವಾಚಾರ್ಯರ ಈ ಮೌನವನ್ನು ಸಮ್ಮತಿಯೆಂದು ಪರಿಗಣಿಸಲಾಗಿದೆ.

ಇನ್ನು ಕ್ಷೇತ್ರನಿರೂಪಣೆ. ಗೊರೂರಿನಲ್ಲಿ 1979ರಲ್ಲಿ ಪೂರ್ಣಗೊಂಡ ಅಣೆಕಟ್ಟು 2922 ಅಡಿಯ ಮಟ್ಟಕ್ಕೆ ತುಂಬಿದಾಗ 37 ಟಿಎಂಸಿಯಷ್ಟು ನೀರು ಹಿಂದಕ್ಕೆ ಒತ್ತರಿಸಿ, ಆಲೂರು ಸೀಮೆಯ ಹಳ್ಳಕೊಳ್ಳಗಳೊಳಕ್ಕೆ ಬೆರಳುಗಳನ್ನು ಚಾಚುತ್ತದೆ. ಫ್ರೆಂಚ್ ಪಾದ್ರಿಗಳು 1860ರ ಸುಮಾರಿಗೆ ಕಟ್ಟಿಸಿದ ಶೆಟ್ಟಿಹಳ್ಳಿಯ ಇಗರ್ಜಿ ಮಳೆಗಾಲದಲ್ಲಿ ಇದೇ ನೀರಿನಲ್ಲಿ ಕಂಠಮಟ್ಟ ಮುಳುಗಿ, ಬೇಸಗೆಯಲ್ಲಿ ಬುಡದ ಸಮೇತ ಮೇಲೇಳುತ್ತದೆ. ಇಂಥ ದಡದಲ್ಲಿ ಟಾರ್ಪಾಲು ಬಿಗಿದು, ಜೀಪಿನಿಂದ ಪಾತ್ರೆಪಗಡಿಗಳನ್ನಿಳಿಸಿ, ಅಕ್ಕಿರೊಟ್ಟಿಯ ಬುತ್ತಿಯನ್ನು ಬಿಚ್ಚಿದೊಡನೆ ಪಂಡಿತರಲ್ಲಿ ಮತಭೇದ ಮೊದಲಾಗುತ್ತದೆ. ಸಕಲೇಶಪುರದ ಕಡೆಯವರು ಎರೆಹುಳುವಾದಿಗಳು. ಕಾಫಿತೋಟದ ಗೊಬ್ಬರಗುಂಡಿಯಲ್ಲಿ ಹುಟ್ಟಿ ಬೆಳೆದ ಹುಳುವಿಗೆ ಸಮಾನವಾದ ಆಮಿಷ ಮೂರು ಲೋಕದಲ್ಲಿಲ್ಲವೆಂಬುದು ಅವರ ದರ್ಶನ. ಬಯಲಿಗೆ ಬೆನ್ನು ತಾಗಿಸಿಕೊಂಡಿರುವ ಆಲೂರಿನವರು ರಾಗಿಮುದ್ದೆವಾದಿಗಳು; ಮನುಷ್ಯನಿಗೆ ಒಗ್ಗಿದ್ದು ಮೀನಿಗೇಕೆ ಒಗ್ಗದೆಂಬುದು ಅವರ ತರ್ಕ. ಮೊದಲ ದಿನವೆಲ್ಲ ಈ ವಾದದಲ್ಲಿ ಕಳೆಯುವುದರಿಂದ ಗಾಳಗಳು ನೀರಿಗಿಳಿಯುವುದು ಎರಡನೆಯ ದಿನ.

ಆಗ ಬಿದಿರುಕೋಲನ್ನು ಕವೆಗೋಲಿಗೆ ಒರಗಿಸಿ, ತಂಗೂಸಿಯನ್ನು ಬಿಟ್ಟು, ಬೆಂಡಿನ ಮೇಲೆ ದೃಷ್ಟಿಯನ್ನು ನೆಟ್ಟು ಕುಳಿತ ಸಾಹುಕಾರನನ್ನು ನೋಡಬೇಕು. ಬೆಂಡು ಅಲ್ಲಾಡಿದರೆ ಗಾಳಿ ಎನ್ನುವನು. ಅಲ್ಲಾಡದಿದ್ದರೆ ಮೀನು ಯೋಚಿಸುತ್ತಿದೆ ಎನ್ನುವನು. ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯೆಂಬ ಪ್ರಮಾಣವೊಂದನ್ನು ಒಪ್ಪಿದ್ದಾರೆ: ಕಾಣಬೇಕಾದ ವಸ್ತು ಕಾಣಿಸದಿದ್ದರೆ ಅದು ಅಲ್ಲಿಲ್ಲವೆಂಬ ಜ್ಞಾನವುಂಟಾಗುತ್ತದೆ. ಸಮಸ್ತ ಭಾರತೀಯ ದರ್ಶನಗಳಲ್ಲಿ ಈ ಪ್ರಮಾಣವನ್ನು ಅತ್ಯಂತ ಉಗ್ರವಾಗಿ ಖಂಡಿಸುವವರು ಗಾಳಗಾರರೇ ಎಂಬುದನ್ನು ಇದುವರೆಗೆ ಯಾವ ದರ್ಶನಕಾರನೂ ಗಮನಿಸದೆ ಹೋದದ್ದು ಶೋಚನೀಯ. ಎರಡು ಹಗಲು, ಎರಡು ರಾತ್ರಿ ಮೀನು ಕಾಣಿಸದಿದ್ದರೂ ಮೀನಿಲ್ಲವೆಂಬ ಜ್ಞಾನವು ಅವರಲ್ಲಿ ಉದಯಿಸಿದ ನಿದರ್ಶನ ಒಂದೂ ಇಲ್ಲ. ನಡುನಡುವೆ ಅಂಗೈಯಗಲದ ಜಿಲೇಬಿ ಮೀನೊಂದು ಸಿಕ್ಕುವುದುಂಟು. ಅದನ್ನು ಅಪವಾದವೆಂದು ಎಣಿಸಿ ಮರಳಿ ನೀರಿಗೆ ಬಿಡಲಾಗುತ್ತದೆ, ಇಲ್ಲವೆ ಅಡಿಗೆಯವನ ಬೆಕ್ಕಿಗೆ ಸಲ್ಲುತ್ತದೆ.

ಜಿಲೇಬಿಯ ಮಾತು ಬಂದದ್ದು ಒಳ್ಳೆಯದಾಯಿತು. ಆ ಮೀನು ಆಫ್ರಿಕದ್ದು, 1952ರಲ್ಲಿ ಭಾರತಕ್ಕೆ ಬಂದುದು. ಇಲಾಖೆಯವರು ಮರಿಬಿಟ್ಟು ಸಾಕುವ ಕಾಟ್ಲಾ, ರೋಹುಗಳು ಗಂಗಾತೀರದ ಮೂಲನಿವಾಸಿಗಳು. ದಡದ ಮೇಲಿನ ಕಾಫಿ ಅರಬರ ನಾಡಿನಿಂದ ಬಂದುದು, ಅದಕ್ಕೆ ನೆರಳು ಕೊಡುವ ಸಿಲ್ವರ್ ಓಕ್ ಆಸ್ಟ್ರೇಲಿಯದ್ದು, ಇಗರ್ಜಿ ಫ್ರೆಂಚರದ್ದು, ಸರೋವರವೇ ಸರ್ಕಾರದ್ದು. ಹೀಗಿರುವಲ್ಲಿ ಹಿಮವೊಂದೇ ಸ್ಥಳೀಯವಾಗಿರಬೇಕೆಂದು ಹಟ ಹಿಡಿಯುವುದು ಔತ್ತರೇಯರ ದುರಾಗ್ರಹವಲ್ಲದೆ ಮತ್ತೇನು?

ಆ ಹಿಮವು ಮೂರನೆಯ ದಿನದ ಬೆಳಗಿನ ಜಾವ ಆಗಮಿಸುತ್ತದೆ. ಮಂಗಳೂರಿನ ದಕ್ಕೆಯಲ್ಲಿ ಬಂಗುಡೆ, ಬೂತಾಯಿಗಳ ಮೇಲೆ ಪುಡಿಹಿಮವನ್ನು ಸುರಿದು ತುಂಬಿದ ಲಾರಿಗಳು ರಾತ್ರಿಯಿಡೀ ಶಿರಾಡಿ ಘಾಟಿಯನ್ನು ಏರುತ್ತ, ಕರಗಿದ ನೀರನ್ನು ತಿರುವುತಿರುವಿಗೂ ಚೆಲ್ಲಿ ಹಿಂದಿನ ಮೋಟಾರುಸೈಕಲ್ಲಿನವನ ಶಾಪವನ್ನು ಸಂಪಾದಿಸಿಕೊಂಡು, ಸಕಲೇಶಪುರದ ಪೇಟೆಯನ್ನು ಮುಟ್ಟುತ್ತವೆ. ಬಿಡಾರ ಕಿತ್ತು ಮನೆಯ ದಾರಿ ಹಿಡಿದ ಸಾಹುಕಾರನ ಜೀಪು ಇದೇ ಹೊತ್ತಿಗೆ ಇದೇ ಪೇಟೆಯನ್ನು ಹಾಯುವುದು ಕಾಕತಾಳೀಯವೆಂದು ಕೆಲವರು ಹೇಳಿದರೂ ನಾವು ಒಪ್ಪುವುದಿಲ್ಲ. ಥರ್ಮೋಕೋಲಿನ ಪೆಟ್ಟಿಗೆಯ ಮುಚ್ಚಳವನ್ನು ಸರಿಸಿ, ಹಿಮದಲ್ಲಿ ಅಂಗೈಯಿಂದ ರಂಧ್ರ ಮಾಡಿ, ಅದರೊಳಗಿಂದ ಮೀನನ್ನು ಎತ್ತುವ ಆ ಗಳಿಗೆಯಲ್ಲಿ ಮಿನ್ನೆಸೋಟಾದವನಿಗೂ ನಮ್ಮವನಿಗೂ ಇರುವ ವ್ಯತ್ಯಾಸವೇನೆಂಬುದನ್ನು ಪೂರ್ವಪಕ್ಷಿಗಳು ತಿಳಿಸಬೇಕಾಗಿ ಪ್ರಾರ್ಥನೆ. ನಾಲ್ಕಂಗುಲದ ದಪ್ಪವೂ ಅಲ್ಲಿ ಅನೇಕ ವೇಳೆ ದೊರೆಯುತ್ತದೆ.

ಕಾದಿಟ್ಟಿದ್ದ ಸಂಬಂಧವು ನಿರ್ಣಯವಾಗುವುದು ಮಾತ್ರ ಅಡಿಗೆಮನೆಯಲ್ಲಿ. ಹಗಲುಣ್ಣದ ದೇವದತ್ತನು ದಪ್ಪಗಿರುವುದರಿಂದ ಅವನು ರಾತ್ರಿ ಉಣ್ಣುತ್ತಾನೆಂದು ಊಹಿಸುವ ಅರ್ಥಾಪತ್ತಿಯೆಂಬ ಪ್ರಮಾಣವನ್ನು ಕಾಶಿಯ ಪಂಡಿತರು ಹನ್ನೆರಡು ವರ್ಷ ಓದಿ ಕಲಿಯುತ್ತಾರೆ. ತೋಟದ ಮನೆಯ ಯಜಮಾನಿಗೆ ಅದು ಹುಟ್ಟುಗುಣ. ಚೀಲವನ್ನು ಕೊಡವಿ, ಕಿವಿರಿನ ಸಂದಿಯಲ್ಲಿ ಕರಗದೆ ಉಳಿದ ಹರಳೊಂದನ್ನು ಬೆರಳ ತುದಿಯಲ್ಲಿ ಹಿಡಿದು, "ಏನ್ರೀ, ಹೇಮಾವತಿ ಹೊಳೇಲಿ ಬಂಗ್ಡೆ ಯಾವಾಗಿಂದ ಬಂತು?" ಎಂದು ಆಕೆ ಕೇಳುವ ಪ್ರಶ್ನೆಗೆ ಗಾಳಶಾಸ್ತ್ರದಲ್ಲಿ ಭಾಷ್ಯವಿಲ್ಲ. "ಹಿನ್ನೀರು ಕಣೇ, ಎಲ್ಲೆಲ್ಲಿಂದಲೋ ಬರ್ತವೆ" ಎಂದು ಸಾಹುಕಾರನು ಕೊಡುವ ಉತ್ತರ, ಮೇಲೆ ಹೇಳಿದ ಜಿಲೇಬಿ ಮತ್ತು ಕಾಟ್ಲಾಗಳ ಇತಿಹಾಸದ ಬೆಳಕಿನಲ್ಲಿ ಪೂರ್ಣ ಅಸತ್ಯವೇನೂ ಅಲ್ಲ. ಆದರೆ ಆಕೆ ಅಷ್ಟುಹೊತ್ತಿಗೆ ಮಸಾಲೆ ಅರೆಯತೊಡಗಿರುತ್ತಾಳೆ.

ಉಳಿದದ್ದು ಮಳೆಗಾಲದ ಪ್ರಶ್ನೆ. ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಕರಾವಳಿಯಲ್ಲಿ ಯಂತ್ರದೋಣಿಗಳಿಗೆ ನಿಷೇಧ. 2018ರ ಆಗಸ್ಟಿನಲ್ಲಿ ಆದಂತೆ ಗುಡ್ಡ ಕುಸಿದು ಶಿರಾಡಿಯ ದಾರಿಯೇ ಮುಚ್ಚುವುದೂ ಉಂಟು. ಆಗ ಹತ್ತುಮೀನುಗಳು ಹೊಸನೀರಿಗೆ ಎದುರಾಗಿ ಗದ್ದೆಯ ಬದುವಿನವರೆಗೆ ಬರುತ್ತವೆ. ಗಾಳವನ್ನೇ ಕಾಣದ ಹುಡುಗರು ಕೂಳಿಯೊಡ್ಡಿ ಬುಟ್ಟಿಗಟ್ಟಲೆ ಹಿಡಿಯುತ್ತಾರೆ. ಬಿಡಾರವಿಲ್ಲ, ವಾದವಿಲ್ಲ, ಹಿಮದ ಸಂಪರ್ಕವಂತೂ ಲೇಶವೂ ಇಲ್ಲವಾದ್ದರಿಂದ ಇದನ್ನು ವಿದ್ಯೆಯೆಂದು ಒಪ್ಪಲು ಬರುವಂತಿಲ್ಲ. ಅಟ್ಟದ ಮೇಲಿನ ಒಣಮೀನು ಹಿಮಮತ್ಸ್ಯದ ಸ್ಥಾನದಲ್ಲಿ ಸಲ್ಲುವುದೆಂದು ಆಲೂರಿನ ಕೆಲವು ಉದಾರವಾದಿಗಳು ಹೇಳುತ್ತಾರೆ. ಅದು ಉಪ್ಪಿನ ಪ್ರಕರಣವಾದಕಾರಣ ಲವಣಮೀಮಾಂಸಕರ ಅಧೀನಕ್ಕೆ ಸೇರತಕ್ಕದ್ದು, ಮತ್ತು ಅವರು ತಮ್ಮ ಗ್ರಂಥವನ್ನು ಬರೆಯಲು ಬೇಕಾದ ಬಿಡುವು ಆಷಾಢದಲ್ಲಿ ಧಾರಾಳವಾಗಿ ಸಿಕ್ಕುತ್ತದೆ.