ರಾಯರ ವಾರಂಟಿ

ಕುವೆಂಪುನಗರದ ನಮ್ಮ ಬೀದಿಯಲ್ಲಿ ಆರೇಳು ಮಂದಿ ವಾಕಿಂಗಿನ ಹೊತ್ತು ಬದಲಾಯಿಸಿಕೊಂಡಿದ್ದರು. ಕಾರಣ, ರಾಯರು. ಬ್ಯಾಂಕಿನ ಸಾಲದ ವಿಭಾಗದಲ್ಲಿದ್ದು ನಿವೃತ್ತರಾದ ಅವರು ನಮಸ್ಕಾರದ ಬದಲು ಒಂದೇ ಪ್ರಶ್ನೆ ಕೇಳುತ್ತಿದ್ದರು: “ಏನ್ ಸ್ವಾಮಿ, ಎಕ್ಸ್‌ಟೆಂಡೆಡ್ ವಾರಂಟಿ ತಗೊಳ್ಳೋದೋ ಬೇಡವೋ?”

ಬೆಂಗಳೂರು ರಸ್ತೆಯ ಬಿಡದಿಯಲ್ಲಿ ತಯಾರಾದ ಹೈರೈಡರ್ ಹೈಬ್ರಿಡ್ ಕಾರು ಅವರದು. ಕಂಪನಿಯ ವಾರಂಟಿ 3 ವರ್ಷ ಅಥವಾ 1 ಲಕ್ಷ ಕಿಲೋಮೀಟರ್, ಯಾವುದು ಮೊದಲೋ ಅದು. ಅಮಾವಾಸ್ಯೆಗೆ ನಂಜನಗೂಡು, ಶುಕ್ರವಾರ ಚಾಮುಂಡಿ ಬೆಟ್ಟ, ಮಿಕ್ಕಂತೆ ತರಕಾರಿ, ಇಷ್ಟೇ ಆ ಕಾರಿನ ಓಡಾಟ. ಈ ಲೆಕ್ಕದಲ್ಲಿ ಲಕ್ಷ ಕಿಲೋಮೀಟರ್ ಮುಟ್ಟಬೇಕಾದರೆ ಮೊಮ್ಮಗನಿಗೆ ಮೊಮ್ಮಗ ಹುಟ್ಟಬೇಕು. ವರ್ಷ 3 ಮಾತ್ರ ಹೇಳದೆ ಕೇಳದೆ ಬಂದು ನಿಂತಿತ್ತು.

ಹೈಬ್ರಿಡ್ ಅಂದರೆ ಎಲ್ಲರೂ ಬ್ಯಾಟರಿಗೆ ಹೆದರುತ್ತಾರೆ. ರಾಯರ ಹೆದರಿಕೆ ಅಲ್ಲಿಗೇ ನಿಲ್ಲುವುದಿಲ್ಲ. “ಬ್ಯಾಟರಿಗೆ 8 ವರ್ಷ, 1,60,000 ಕಿಲೋಮೀಟರ್ ಇದೆ ರೀ. ಇನ್ವರ್ಟರ್ ಗತಿ ಏನು?” ಕರೆಂಟು ಹೋದಾಗ ಫ್ಯಾನು ತಿರುಗಿಸುವ ಇನ್ವರ್ಟರ್ ಅಲ್ಲ ಇದು. ಬ್ಯಾಟರಿಯ ಡಿಸಿಯನ್ನು ಮೋಟರಿಗೆ ಎಸಿ ಮಾಡಿ ಕೊಡುವ ಪೆಟ್ಟಿಗೆ. ಬೆಲೆ ಕೇಳಿದರೆ ಕೇಳಿದವರಿಗೇ ಶಾಕು ಹೊಡೆಯುತ್ತದೆ. ಬೆಟ್ಟ ಇಳಿಯುವಾಗ ಬ್ರೇಕು ಒತ್ತಿದಂತೆಲ್ಲ ಬ್ಯಾಟರಿಯ ಗೀಟುಗಳು ಒಂದೊಂದೇ ತುಂಬಿಕೊಳ್ಳುವುದನ್ನು ರಾಯರು ತಾಯಿಯ ಪ್ರಸಾದವೆಂದೇ ಸ್ವೀಕರಿಸುತ್ತಾರೆ. ತಪ್ಪಲಿಗೆ ಬರುವಷ್ಟರಲ್ಲಿ ಚಿಂತೆ: ಹೀಗೆ ತುಂಬಿ ಖಾಲಿಯಾಗಿ ತುಂಬಿದರೆ ಸವೆಯುವುದಿಲ್ಲವೆ? ಹಿಂದಿನ ಸೀಟಿನ ಬಳಿ ಬ್ಯಾಟರಿಗೆ ಗಾಳಿ ಹೋಗುವ ಜಾಲರಿಯ ಎದುರು ಅವರ ಹೆಂಡತಿ ಹೂವಿನ ಬುಟ್ಟಿ ಕೂಡ ಇಡುವಂತಿಲ್ಲ.

ಸರ್ವಿಸ್ ಸೆಂಟರಿನ ಹುಡುಗ ಇವರನ್ನು ಕಂಡರೆ ಟೀ ಕುಡಿಯಲು ಹೊರಟುಬಿಡುತ್ತಿದ್ದ. ಒಮ್ಮೆ ಸಿಕ್ಕಿಬಿದ್ದ.

“ಈ ಕಾರಿಗೆ ಸ್ಟಾರ್ಟರ್ ಮೋಟರ್ ಇದೆಯೇನಪ್ಪಾ?”

“ಇಲ್ಲ ಸಾರ್. ಆಲ್ಟರ್ನೇಟರೂ ಇಲ್ಲ, ಕ್ಲಚ್ ಪ್ಲೇಟೂ ಇಲ್ಲ. ಆ ಕೆಲಸ ಎಲ್ಲಾ ಹೈಬ್ರಿಡ್ ಮೋಟರ್‌ಗಳೇ ನೋಡ್ಕೊಳ್ತವೆ.”

“ಹಾಗಾದ್ರೆ ಇಲ್ಲದೇ ಇರೋದು ಕೆಡಲ್ಲ. ಅಷ್ಟಕ್ಕೆ ರಿಯಾಯಿತಿ ಕೊಡಿ.”

ಹುಡುಗ ಮ್ಯಾನೇಜರ್ ಕಡೆ ನೋಡಿದ. ಮ್ಯಾನೇಜರ್ ಫೋನ್ ಕಡೆ ನೋಡಿದರು.

“ಇಲಿ ವೈರು ಕಡಿದ್ರೆ?”

“ಅದು ವಾರಂಟಿಗೆ ಬರಲ್ಲ ಸಾರ್.”

“ಮೈಸೂರಲ್ಲಿ ಕಾರು ಕೆಡೋದೇ ಇಲಿಯಿಂದ! ಅದನ್ನ ಬಿಟ್ಟು, ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಬೇರೆ ಕೇಳ್ತೀರಾ?”

ನನ್ನ ಅಭಿಪ್ರಾಯವನ್ನೂ ಕೇಳಿದ್ದರು. ಕಾರು ಇಟ್ಟುಕೊಳ್ಳುವುದಾದರೆ ಕಟ್ಟಿ, ಮಾರುವುದಾದರೆ ಬೇಡ ಎಂದಿದ್ದೆ. ವಾರಂಟಿ ಹೊಸ ಮಾಲೀಕರಿಗೂ ವರ್ಗವಾಗುವುದರಿಂದ ಮಾರುವವರೇ ಕಟ್ಟಬೇಕು, ಆಗ ಕಾರಿಗೆ ಬೆಲೆ ಬರುತ್ತದೆ ಎಂದು ಎದುರು ಮನೆಯವರು ಹೇಳಿದ್ದರಂತೆ. ಎರಡು ಅಭಿಪ್ರಾಯ ಬಂದಿದ್ದರಿಂದ ಮೂರನೆಯದು ಅನಿವಾರ್ಯವಾಯಿತು. ಸಾಲದ ಅರ್ಜಿಗಳನ್ನೂ ರಾಯರು ಹೀಗೇ ನೋಡುತ್ತಿದ್ದರು ಎಂದು ಕಾಣುತ್ತದೆ. ಅವರಿಗೆ ಕಡತ ಮುಗಿಯುವುದು ಬೇಕಿರಲಿಲ್ಲ, ಮೇಜಿನ ಮೇಲಿರುವುದು ಬೇಕಿತ್ತು.

ವಾರಂಟಿ ತೀರುವ ಹಿಂದಿನ ದಿನ ಸರ್ವಿಸ್ ಸೆಂಟರಿನಲ್ಲಿ ರಾಯರು ಬಾನೆಟ್ ಎತ್ತಿಸಿ ಇನ್ವರ್ಟರಿನ ಕಿತ್ತಳೆ ವೈರುಗಳನ್ನು ದೂರದಿಂದಲೇ ಎಣಿಸುತ್ತಿದ್ದಾಗ, ಅವರ ಹೆಂಡತಿ ಫೋನ್ ತೆಗೆದು ಕೌಂಟರಿನಲ್ಲಿ ದುಡ್ಡು ಕಟ್ಟಿಬಿಟ್ಟರು.

“ಒಂದು ವರ್ಷದ್ದೋ ಎರಡು ವರ್ಷದ್ದೋ?” ರಾಯರು ಓಡಿಬಂದರು.

“ಗೊತ್ತಿಲ್ಲ ರೀ. ಆ ಹುಡುಗ ತೋರಿಸಿದ್ದಕ್ಕೆ ಒತ್ತಿದೆ. ನಡೀರಿ, ಅನ್ನಕ್ಕಿಡಬೇಕು.”

ಈಗ ರಾಯರ ಸಂಕಟವೇ ಬೇರೆ. ಕಟ್ಟಿದ ಮೇಲೆ ಕೆಡದಿದ್ದರೆ ದುಡ್ಡು ದಂಡ. ಸಿಗ್ನಲ್ಲಿನಲ್ಲಿ ಎಂಜಿನ್ ಆಫ್ ಆಗಿ ಕಾರು ನಿಶ್ಶಬ್ದವಾದರೆ ಮುಖ ಬಾಡುತ್ತದೆ. ಮೊನ್ನೆ ಹಿಂದಿನ ಎಡ ಚಕ್ರದಲ್ಲಿ ಟಕಟಕ ಸದ್ದು ಕೇಳಿದ್ದೇ ತಡ, ಫೈಲು ಹಿಡಿದು ಮದುವೆ ಮನೆಗೆ ಹೊರಟವರಂತೆ ಸರ್ವಿಸ್ ಸೆಂಟರಿಗೆ ಹೋದರು. ಹುಡುಗ ಬಗ್ಗಿ ನೋಡಿ, ಸ್ಕ್ರೂಡ್ರೈವರಿನಿಂದ ಟೈರಿನ ಸಂದಿಯ ಜಲ್ಲಿಕಲ್ಲನ್ನು ಮೀಟಿ ತೆಗೆದ.

“ಎಷ್ಟಾಯ್ತು?”

“ಇದಕ್ಕೇನ್ ದುಡ್ಡು, ಹೋಗಿಬನ್ನಿ ಸಾರ್.”

“ಹಾಗಲ್ಲಪ್ಪಾ,” ಎಂದು ರಾಯರು ಫೈಲು ಬಿಚ್ಚಿದರು. “ವಾರಂಟಿಯಲ್ಲಿ ಮಾಡಿಕೊಟ್ಟಿದ್ದು ಅಂತ ಒಂದು ಸಾಲು ಬರೆದು ಸೀಲ್ ಹಾಕಿ ಕೊಡು.”